ಮೋಡದ ಮೇಲಿನ ಹೊಗೆ, ಚಂದ್ರಿಕೆಯ ಸರದಿ

೧೯೯೨ರ ಡಿಸೆಂಬರ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ ನನ್ನ ತಂಗಿಯ ಊರು. ಅವಳು ರೇಷ್ಮೆಹುಳು ಸಾಕುವ ಹುಳುಮನೆಯಲ್ಲಿದ್ದವರು ಮೂವರು: ನಾನು, ತಂಗಿ, ಅವಳ ಮೈದುನ. ಆಗ ನಾನು ನಾಗಮಂಗಲದ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಕ್ರಿಸ್‌ಮಸ್ ರಜೆಗೆ ಬಂದಿದ್ದೆ.

ಗಂಡ ತೀರಿಕೊಂಡ ಮೇಲೆ ತಂಗಿ ಮೈದುನನ ಮನೆಗೆ ಸೇರಿಕೊಳ್ಳದೆ ಬೇರೆ ಒಲೆ ಹೂಡಿದ್ದಳು. ನಾಲೆಯ ಪಕ್ಕದ ಹಿಪ್ಪುನೇರಳೆ ತೋಟ, ಅದರ ಸೊಪ್ಪು ತಿನ್ನುವ ರೇಷ್ಮೆಹುಳು, ಇಷ್ಟೇ ಅವಳ ಬದುಕು. ಹಿಂದಿನ ಬೆಳೆ ಕೈಕೊಟ್ಟಿತ್ತು. ಇದೂ ಹೋದರೆ ತೋಟ ಕಿತ್ತು ಕಬ್ಬು ಹಾಕುವುದು, ಅವಳು ಮೈದುನನ ಮನೆಯಲ್ಲೇ ಉಣ್ಣುವುದು ಎಂದು ಮಾತಾಗಿತ್ತು. ಮೈದುನ ಕೆಟ್ಟವನಲ್ಲ. ಆದರೆ ಇನ್ನೊಬ್ಬರ ಒಲೆಯ ಮುಂದೆ ಕೂರುವುದೆಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮ ತಾಯಿ ಹಾಗೆಯೇ ಬದುಕಿ ಹೋದವರು.

ಆ ಊರಿನಲ್ಲಿ ಹುಳು ಸಾಕುವ ಮನೆಗಳೆಲ್ಲ ಸೇರಿ ಚಂದ್ರಿಕೆಗಳನ್ನು ಇಟ್ಟುಕೊಂಡಿದ್ದವು. ಚಂದ್ರಿಕೆ ಎಂದರೆ ಬಿದಿರಿನ ಅಗಲವಾದ ಚಾಪೆ. ಅದರ ಮೇಲೆ ದಬ್ಬೆಯನ್ನು ಸುರುಳಿಯಾಗಿ ಕಟ್ಟಿರುತ್ತಾರೆ. ಹಣ್ಣಾದ ಹುಳುವನ್ನು ಬಿಟ್ಟರೆ ಆ ಸುರುಳಿಯ ಸಂದಿನಲ್ಲಿ ಗೂಡು ಕಟ್ಟುತ್ತದೆ. ಒಂದು ಮನೆಯವರು ಗೂಡು ಬಿಡಿಸಿಕೊಂಡ ಮೇಲೆ ಚಂದ್ರಿಕೆ ಮುಂದಿನ ಮನೆಗೆ ಹೋಗಬೇಕು. ಈ ಸರದಿಗೆ ಹೊಂದುವಂತೆಯೇ ಎಲ್ಲರೂ ಹಿಂದೆಮುಂದೆ ಮಾಡಿ ಮೊಟ್ಟೆ ತರುತ್ತಿದ್ದರು. ಸರದಿ ತಪ್ಪಿಸಿಕೊಂಡವರು ಎಲ್ಲರಿಗಿಂತ ಕೊನೆಗೆ ಹೋಗಬೇಕು. ಹಣ್ಣಾದ ಹುಳು ಅಷ್ಟು ಕಾಯುವುದಿಲ್ಲ.

ಆ ಚಳಿಗಾಲದಲ್ಲಿ ಬಿಸಿಲಿಗೆ ಕಸುವಿರಲಿಲ್ಲ. ಮೋಡವಿಲ್ಲದ ಆಕಾಶವೂ ಹಾಲು ಬೆರೆಸಿದ ನೀರಿನಂತೆ ಕಾಣುತ್ತಿತ್ತು. ಹುಳುಗಳು ಸೊಪ್ಪು ಕಡಿಮೆ ತಿಂದವು. ಪೊರೆ ಬಿಡಲು ಮಲಗಿದವು ತಡವಾಗಿ ಎದ್ದವು. ಸರದಿ ತಪ್ಪೀತೆಂದು ತಂಗಿ ಹುಳುಮನೆಯಲ್ಲಿ ಕೆಂಡದ ಬಾಣಲೆಗಳನ್ನಿಟ್ಟು, ಬಾಗಿಲಿಗೆ ಗೋಣಿತಾಟು ಕಟ್ಟಿ ಬೆಚ್ಚಗಿಟ್ಟಳು. ಗಡಿಯಾರ ನೋಡಿಕೊಂಡು ಏಳುವ, ಉಣ್ಣುವ ಮನೆಯಲ್ಲಿ ಬೆಳೆದವರು ನಾವು. ಅವಳ ಹುಳುಗಳು ಸರಿಯಾಗಿ ಅವಳ ಸರದಿಯ ದಿನವಾದ ಆ ಭಾನುವಾರವೇ ಹಣ್ಣಾದವು. ಮೈ ತಿಳಿಯಾಗಿ, ತಲೆಯೆತ್ತಿ ಆಸರೆ ಹುಡುಕತೊಡಗಿದ್ದವು. ಆದರೆ ಚಂದ್ರಿಕೆ ಬಂದಿರಲಿಲ್ಲ.

ಹಿಂದಿನ ಸರದಿಯ ಮನೆಗೆ ನಾವಿಬ್ಬರೂ ಹೋದೆವು. ಆ ಮನೆಯ ಯಜಮಾನಿ ಅಂಗಳದಲ್ಲಿ ಮುಸುಕು ಹೊದ್ದು ಕೂತಿದ್ದಳು. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳ ತುಂಬ ಹುಳುಗಳು ಇನ್ನೂ ನೂಲು ಬಿಡುತ್ತಿದ್ದವು. ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು.

"ಇವತ್ತು ನಮ್ ಸರದಿ ಕನಕ್ಕ," ಎಂದಳು ತಂಗಿ.

"ಸರದಿ ನಿಂಗ್ ಗೊತ್ತು, ನಂಗ್ ಗೊತ್ತು. ಉಳಕ್ಕೆ ಯೋಳವ್ವ," ಎಂದಳು ಆಕೆ. "ನಾನೇನು ನಿನ್ನಂಗೆ ಬಾಣಂತಿ ಕೋಣೆ ಮಾಡಿ ಸಾಕಿಲ್ಲ. ಚಳಿಗೆ ನಿಧಾನ ಆಗವೆ. ಈಗ ಕಿತ್ರೆ ನಂದೂ ಓಯ್ತದೆ."

ಆಕೆ ಹೇಳಿದ್ದು ನ್ಯಾಯವೇ. ನಾವು ವಾಪಸು ಬಂದೆವು.

ಮೈದುನ ಬೈಕಿನಲ್ಲಿ ಚಂದ್ರಿಕೆ ಹುಡುಕಲು ಹೊರಟ. ಕೆ.ಆರ್. ಪೇಟೆ ಕಡೆಯ ಊರುಗಳಲ್ಲಿ ಕೇಳಿ, ಶ್ರೀರಂಗಪಟ್ಟಣದ ಕಡೆಗೂ ಹೋದ. ನಾವು ಹೊಂಗೆಯ ಒಣ ಕಡ್ಡಿ, ತೆಂಗಿನ ಗರಿ ತಂದು ಹುಳು ಸಾಕುವ ಬಿದಿರ ತಟ್ಟೆಗಳ ಮೇಲೆ ಹರಡಿದೆವು. ಕೆಲವು ಹುಳು ಹತ್ತಿದವು. ಹೆಚ್ಚಿನವು ತಟ್ಟೆಯ ಅಂಚಿನಲ್ಲೇ ಒಂದರ ಮೇಲೊಂದು ಬಿದ್ದು, ಎರಡು ಮೂರು ಸೇರಿ ಒಂದೇ ಗೂಡು ಕಟ್ಟತೊಡಗಿದವು. ಅಂಥ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಹುಳುಗಳ ಉಚ್ಚೆಯಿಂದ ತಟ್ಟೆಗಳು ಒದ್ದೆಯಾದವು. ಬಿಸಿಲಿಗೆ ಇಟ್ಟರೆ ಆರಲಿಲ್ಲ. ಒದ್ದೆಯಲ್ಲಿ ಸಿಕ್ಕಿದವು ಕಪ್ಪಗಾಗಿ ಸತ್ತವು.

ಮಧ್ಯಾಹ್ನ ಮೈದುನ ಬರಿಗೈಯಲ್ಲಿ ಬಂದ.

"ಎಲ್ಲೂ ಇಲ್ಲ ಅತ್ಗೆ. ಎಲ್ಲರ ಮನೇಲೂ ಇದೇ ಕತೆ. ಎಲ್ಲಾ ಉಳನೂ ಚಂದ್ರಿಕೆ ಮೇಲೆ ಕುಂತ್ಬುಟ್ಟವೆ, ಏಳ್ತಾ ಇಲ್ಲ." ನನ್ನ ಕಡೆ ತಿರುಗಿದ. "ಟೀಚರಮ್ಮ, ಈ ಬಿಸ್ಲಿಗೆ ಏನ್ ರೋಗ ಬಂತು? ನಿಮ್ ಪುಸ್ತಕದಲ್ಲಿ ಐತಾ?"

ಹೇಳಿದೆ. ಹಿಂದಿನ ವರ್ಷ ಫಿಲಿಪೈನ್ಸ್ ದೇಶದಲ್ಲಿ ಒಂದು ಜ್ವಾಲಾಮುಖಿ ಸಿಡಿದಿತ್ತು. ಅದರ ಬೂದಿಯಲ್ಲಿ ಹೆಚ್ಚಿನದು ಬೇಗ ಕೆಳಗೆ ಬಿತ್ತು. ಆದರೆ ಗಂಧಕದ ಹೊಗೆ ಮಳೆಮೋಡಗಳಿಗಿಂತ ಮೇಲೇರಿತು. ಅಲ್ಲಿ ಮಳೆಯಿಲ್ಲ, ತೊಳೆಯುವವರಿಲ್ಲ. ಹೊಗೆ ಸಣ್ಣ ಸಣ್ಣ ಹನಿಯಾಗಿ ಭೂಮಿಯ ಸುತ್ತ ಹರಡಿ, ಬಿಸಿಲಿನ ಒಂದು ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತಿತ್ತು. ಇಡೀ ಭೂಮಿಯ ಸರಾಸರಿಯಲ್ಲಿ ಕಡಿಮೆಯಾದ ಶಾಖ ಅರ್ಧ ಡಿಗ್ರಿಯ ಆಸುಪಾಸು. ಒಂದು ಕಡೆ ಹೆಚ್ಚು ಚಳಿ, ಒಂದು ಕಡೆ ಮಳೆ ಕಡಿಮೆ, ಇನ್ನೊಂದು ಕಡೆ ಏನೂ ಇಲ್ಲ. ನಮ್ಮೂರಿನ ಚಳಿ ಅದರಿಂದಲೇ ಬಂತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಅದರಿಂದಲ್ಲ ಎಂದೂ ಹೇಳಲಾರರು. ಇದನ್ನೂ ಹೇಳಿದೆ.

"ಅಂಗಾದ್ರೆ ಯಾರನ್ನ ಬಯ್ಯದು?" ಎಂದ ಮೈದುನ. "ಮಳೆ ಬರ್ನಿಲ್ಲ ಅಂದ್ರೆ ದೇವ್ರನ್ನ ಬಯ್ಬೋದು, ನೀರ್ ಬಿಡ್ನಿಲ್ಲ ಅಂದ್ರೆ ನಾಲೆ ಸವುಡೀನ ಬಯ್ಬೋದು. ಆ ಬೆಟ್ಟಕ್ಕೆ ನಮ್ ಬಯ್ಗುಳ ತಿಳೀತದಾ?"

ತಂಗಿ ನಗಲಿಲ್ಲ. ಗರಿಯಿಂದ ಜಾರಿ ಬಿದ್ದ ಹುಳುಗಳನ್ನು ಒಂದೊಂದೇ ಎತ್ತಿ ಮತ್ತೆ ಹತ್ತಿಸುತ್ತಿದ್ದಳು. ಅವು ಮತ್ತೆ ಬೀಳುತ್ತಿದ್ದವು.

ಸೂರ್ಯ ಮುಳುಗಿ ಬಹಳ ಹೊತ್ತಾದರೂ ಪಶ್ಚಿಮದಲ್ಲಿ ಕೆಂಪು ಆರಲಿಲ್ಲ. ಕುಂಕುಮ ಕಲಸಿದಂಥ ಕೆಂಪು. ಅಷ್ಟು ಚೆಂದದ ಸಂಜೆಗಳನ್ನು ನಾನು ಆಮೇಲೆ ಕಂಡಿಲ್ಲ.

"ಆ ಬೆಟ್ಟ ನಮ್ಗೆ ಯಾವ ದಿಕ್ಕಾಯ್ತದೆ ಅಕ್ಕ?"

"ಮೂಡಲಿಗೆ. ಸಮುದ್ರದಾಚೆ."

"ಮತ್ತೆ ಪಡುವಲಲ್ಲಿ ಯಾಕೆ ಕೆಂಪು?"

"ಹೊಗೆ ಎಲ್ಲ ದಿಕ್ಕಿಗೂ ಬಂದಿದೆ."

"ಎಲ್ಲಾ ದಿಕ್ಕಿಗೂ," ಎಂದಳು. ಮೈದುನನನ್ನು ಕರೆದಳು. "ಟ್ರಾಕ್ಟರಿಗೆ ಯೋಳ್ಬುಡಪ್ಪ. ತೋಟ ಉಳೋಕೆ."

ಅವನು ತಲೆ ತಗ್ಗಿಸಿದ. "ಇನ್ನೊಂದ್ ಬೆಳೆ ನೋಡನ ಅತ್ಗೆ."

"ಮುಂದಿನ್ ಬೆಳೆಗೆ ಆ ಹೊಗೆ ಓಯ್ತದಾ ಅಕ್ಕ?" ಎಂದು ನನ್ನನ್ನು ಕೇಳಿದಳು.

ಇನ್ನೂ ಒಂದೆರಡು ವರ್ಷ ಇರಬಹುದೆಂದು ಓದಿದ್ದೆ. ಅದನ್ನೇ ಹೇಳಿದೆ. ಮೈದುನ ಗುದ್ದಲಿ ಎತ್ತಿಕೊಂಡ.

ಆಮೇಲೆ ಮೂವರೂ ಕೆಲಸಕ್ಕೆ ನಿಂತೆವು. ಮೈದುನ ತಿಪ್ಪೆಯ ಪಕ್ಕ ಗುಂಡಿ ತೋಡಿದ. ನಾನು ಸತ್ತ ಹುಳುಗಳನ್ನೂ ಕೆಟ್ಟ ಗೂಡುಗಳನ್ನೂ ಮಂಕರಿಯಲ್ಲಿ ಹೊತ್ತು ತಂದೆ. ತಂಗಿ ಅವುಗಳ ಮೇಲೆ ಸುಣ್ಣ ಚೆಲ್ಲಿದಳು. ಮಣ್ಣು ಎಳೆದು ತುಳಿದು ಗಟ್ಟಿ ಮಾಡಿದೆವು. ಕೆಂಡದ ಬಾಣಲೆಗಳಿಗೆ ನೀರು ಹೊಯ್ದೆವು. ತಟ್ಟೆಗಳನ್ನು ತೊಳೆದು, ಬೋರಲು ಹಾಕಿ, ಒಳಗೆ ಬಂದೆವು.