ಮಂಚದ ಕೆಳಗಿನ ಪಂಪು

ನಾ ಹತ್ತಿ ಬೆಳದಾವ. ಎಲಿ ಮ್ಯಾಲ ಒಂದು ಹುಳ ಕಂಡ್ರ ಸಾಕು, ಕೈ ತಾನ ಬೆನ್ನಿಗೆ ಹಾಕೋ ಪಂಪಿಗೆ ಹೋಗ್ತದ. ಹುಳಕ್ಕ ಹೊಡಿಯೋ ಔಷಧಕ್ಕ ನಮ್ಮ ಕಡಿ ಎಣ್ಣಿ ಅಂತೀವಿ. ಚಾ ಕುಡಿಯೋದು ಬಿಟ್ಟೇನು, ಎಣ್ಣಿ ಹೊಡಿಯೋದು ಬಿಟ್ಟಾವಲ್ಲ.

ಹಿರೇಕೊಟ್ನೆಕಲ್ಲಿನ ನಮ್ಮ ಹೊಲದಾಗ ಪಪ್ಪಾಯಿ ಹಚ್ಚಿದ್ದು ನನ್ನ ಹೆಂಡ್ತಿ ಹಟಕ್ಕ. ದೇವದುರ್ಗದಿಂದ ಸಸಿ ಆಕಿನ ತಂದ್ಲು, ಆಕಿನ ನೀರು ಬಿಟ್ಲು. ಕಾಯಿ ಹಿಡಿಯೋ ಹೊತ್ತಿಗೆ ಹಿಟ್ಟು ತಿಗಣಿ ಬಂತು ನೋಡ್ರಿ! ಗಿಡದ ತುಂಬ ಜ್ವಾಳದ ಹಿಟ್ಟು ಚೆಲ್ಲಿದಂಗ ಬೆಳ್ಳಗ. ಎಲಿ ಮುದುಡಿದ್ವು, ಕಾಯಿ ಅಂಟಂಟು. ಮೂರು ಸಲ ಎಣ್ಣಿ ಹೊಡದೆ, ಹುಳದ ಮೈಮ್ಯಾಲಿನ ಆ ಬಿಳಿ ಮೇಣ ದಾಟಿ ಒಳಗ ಇಳೀಲೇ ಇಲ್ಲ. "ಎಲ್ಲಾ ಕಿತ್ತು ಒಗದು ಹತ್ತಿ ಹಾಕ್ತೀನಿ" ಅಂದೆ. ಆಕಿ ಉಣ್ಣೋದು ಬಿಟ್ಟು ಕುಂತ್ಲು.

ಕಡೀಕ ಆಕಿನ ನನ್ನ ರಾಯಚೂರಿನ ಕೃಷಿ ಕಾಲೇಜಿಗೆ ಎಳಕೊಂಡು ಹೋದ್ಲು. ಅಲ್ಲಿ ಹುಳದ ಬಗ್ಗೆ ಓದಿದ ಮೇಡಂ ಒಬ್ರು ನಾವು ಒಯ್ದ ಎಲಿ ನೋಡಿ, "ಇದು ಪರದೇಶದ ಹುಳ. ಇದನ್ನ ಕೊಲ್ಲೋ ಸಣ್ಣ ನೊಣಾನೂ ಅಲ್ಲಿಂದನ ತರಿಸ್ಯಾರ" ಅಂತ ಒಂದು ಡಬ್ಬಿ ಕೊಟ್ರು. ತೆಗದು ನೋಡ್ತೀನಿ, ಒಳಗ ಅದೇ ಹಿಟ್ಟು ತಿಗಣಿ!

"ಅಲ್ರೀ ಮೇಡಂ, ನಮ್ಮ ತೋಟದಾಗ ಇವಕ್ಕೇನು ಬರಗಾಲ ಬಂದದೇನ್ರೀ?"

ಅವರು ನಕ್ಕರು. "ಇವು ಸತ್ತಾವ್ರೀ. ಹೊಟ್ಟ್ಯಾಗ ನೊಣದ ಮರಿ ಅದಾವ. ಹೊರಗ ಬಂದು ನಿಮ್ಮ ತಿಗಣಿ ಹೊಟ್ಟ್ಯಾಗ ತತ್ತಿ ಇಡ್ತಾವ, ಆ ಮರಿ ತಿಗಣಿನ ಒಳಗಿಂದನ ತಿಂತಾವ. ಎರಡು ತಿಂಗಳು ಎಣ್ಣಿ ಮಾತ್ರ ಮುಟ್ಟಬ್ಯಾಡ್ರಿ. ಹೊಡದ್ರ ಮದ್ಲ ಸಾಯೋದು ಈ ನೊಣಾನ."

ಡಬ್ಬಿ ಗಿಡಕ್ಕ ಕಟ್ಟಿದ್ವಿ. ಒಂದು ವಾರಕ್ಕ ನೋಡ್ತೀನಿ, ಎಲಿ ಮ್ಯಾಲ ಎಳ್ಳಿಗಿಂತ ಸಣ್ಣವು ಹೊಸ ಹುಳ ಹರದಾಡಾಕತ್ತಾವ! ಮೇಡಂ ಹೇಳಿದ ನೊಣ ಇವೇ ಅಂತ ನನ್ನ ಮಂದ ತಲಿಗೆ ಹೊಳೀಲಿಲ್ಲ. ಇನ್ನೊಂದು ಪೀಡಾ ಬಂತು ಅಂತ ಮನಿಗೆ ಓಡಿದೆ. ಪಂಪು ಇಲ್ಲ.

"ಪಂಪೆಲ್ಲಿಟ್ಟೀಯಲೇ?" ಅಂತ ಚೀರಿದೆ.

ಆಕಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ನನಗೇನು ಗೊತ್ರೀ, ನಾ ಏನು ಎಣ್ಣಿ ಹೊಡಿತೀನೇನು?"

ಮಗ್ಗಲ ಹೊಲದ ಚಾಚಾನ ಮನಿಗೆ ಹೋಗಿ ಅವರ ಪಂಪು ಕೇಳಿದೆ.

"ಅರೆ! ನಸಕಿನ್ಯಾಗನ ನಿನ್ನ ಹೆಂಡ್ತಿ ಬಂದು ಒಯ್ದಾಳಲ್ಲೋ. ನಮ್ಮ ಹತ್ತಿ ಬಿಡಿಸಿ ಮುಗದದ, ನಿಧಾನ ಕೊಡು ಅಂದೆ."

ತಿರುಗಿ ಬಂದು ಹುಡುಕಿದ್ರ, ನಾ ಮಲಗೋ ಮಂಚದ ಕೆಳಗ, ಕೌದಿ ಹೊಚ್ಚಿಕೊಂಡು, ಎರಡೂ ಪಂಪು! ಬೈಯಾಕ ಬಾಯಿ ತೆಗದೆ. ಆಕಿ ಕೈಯಾಗಿನ ಹಿಟ್ಟು ಒರಸಿಕೋತ ಬಾಗಲಾಗ ನಿಂತಿದ್ಲು.

"ಎಷ್ಟರ ಬೈರಿ. ಎರಡು ತಿಂಗಳು ನನ್ನ ತೋಟ ನನಗ ಬಿಡ್ರಿ" ಅಂದ್ಲು. ಕಣ್ಣಾಗ ನೀರಿತ್ತು. ಕೌದಿ ತಿರುಗಿ ಪಂಪಿನ ಮ್ಯಾಲ ಹೊಚ್ಚಿದೆ.

ಆ ಎರಡು ತಿಂಗಳು ಹೆಂಗ ಕೈ ಕಟ್ಟಿ ಕುಂತೆ ಅಂತ ನನಗ ಗೊತ್ತು. ಒಂದು ಮುಂಜಾನಿ ತೋಟದಿಂದ ಆಕಿ ಕೂಗಿದ್ಲು. ಹೋಗಿ ನೋಡಿದೆ. ತಿಗಣಿ ಒಣಗಿ ಹೊಟ್ಟಾಗಿದ್ವು, ಒಂದೊಂದರ ಮೈಯಾಗೂ ಸೂಜಿ ಚುಚ್ಚಿದಂಗ ತೂತು. ಸುಳಿಯಾಗ ಹಸರು ಎಲಿ ಬಿಟ್ಟಿತ್ತು. ಎದಿ ಹಗುರಾತು. ಗಿಡ ಹಿಡಕೊಂಡು ಅತ್ತೆ, ಯಾಕ ಮುಚ್ಚಿಡಲಿ? ಅವತ್ತು ಪಂಪು ಸಿಕ್ಕಿದ್ರ ನೊಣಾನೂ ಉಳೀತಿದ್ದಿಲ್ಲ, ತೋಟಾನೂ.

ಸಂಜಿಗೆ ಚಾಚಾನ ಪಂಪು ಹೊತಗೊಂಡು ನಾನ ಕೊಡಾಕ ಹೋದೆ.

"ಹೆಂಗ ಕೆಲಸ ಮಾಡ್ತೋ?" ಅಂದ್ರು.

"ಭಾಳ ಛಲೋ ಮಾಡ್ತು ಚಾಚಾ" ಅಂದೆ. "ಒಂದು ಹನೀನೂ ಹೊಡೀಲಿಲ್ಲ."