ಎಡಗಡೆ ಸೀಟಿನ ಉಸ್ತಾದರು

ನಮ್ಮ ಉಸ್ತಾದರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು, ಅದೂ ಹೆಬ್ಬೆರಳಿನ ಕೆಳಗೆ ತೂತು ಬೀಳುವಷ್ಟು. ಸಿಂಧನೂರಿನ ಅರ್ಧ ಊರಿಗೆ ಕಾರು ಕಲಿಸಿದ ಮನುಷ್ಯ ಅವರು. ಕಲಿಯುವವರು ಬಲಗಡೆ ಸ್ಟೇರಿಂಗ್ ಹಿಡಿದು ಕೂತರೆ ಇವರು ಎಡಗಡೆ ಸೀಟಿನಲ್ಲಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಆ ಎಡಗಡೆಗೂ ಒಂದು ಬ್ರೇಕು ಇರುತ್ತದೆ. ಅದನ್ನು ಒತ್ತಿ ಒತ್ತಿ ಕಾಲಿಗೆ ಎಂಥ ರೂಢಿ ಬಿದ್ದಿತ್ತೆಂದರೆ, ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗಲೂ ಯಾರಾದರೂ ಬೈಕನ್ನು ಜೋರಾಗಿ ತಂದರೆ ಕಾಲು ತಾನೇ ನೆಲ ಒತ್ತುತ್ತಿತ್ತು. ಬೈಕಿನವನು ನಿಲ್ಲುತ್ತಿರಲಿಲ್ಲ, ಇವರ ಚಹಾ ತುಳುಕುತ್ತಿತ್ತು.

"ಏನ್ ಮಾಡ್ಲಿ ಬೇಟಾ, ನಾ ಊರ ತುಂಬ ಬ್ರೇಕ್ ಹಾಕ್ತೀನಿ, ಹತ್ತೋದು ಒಂದ ಗಾಡಿಗೆ" ಅಂತ ನಗುತ್ತಿದ್ದರು.

ನಾನು ತುರ್ವಿಹಾಳದ ಹುಡುಗಿ. ದಿನಾ ಬಸ್ಸಿಗೆ ಬಂದು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಕೆಲಸ ಸಿಕ್ಕ ಮೊದಲ ವರ್ಷವೇ ಕಾರು ಕಲಿಯಬೇಕು ಅಂತ ಅವರ ಹತ್ತಿರ ಹೋದೆ. ಮೊದಲ ದಿನ ನಾನು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದು ನೋಡಿ, "ಬೇಟಾ, ಅದೇನು ಓಡಿ ಹೋಗಂಗಿಲ್ಲ. ಕುತ್ತಿಗಿ ಹಿಸುಕಬ್ಯಾಡ" ಅಂದರು. ಎದುರಿಗೆ ಎಮ್ಮೆ ಬಂತು. ನಾನು ಹಾರ್ನಿನ ಮೇಲೆ ಕೈ ಇಟ್ಟೆ. "ಅದಕ್ಕ್ಯಾಕ ಬೈತಿ? ನಿನಗಿಂತ ಮೊದಲ ಅದು ಈ ರೋಡಿಗೆ ಬಂದೈತಿ" ಅಂದರು. ಯಾರು ಎಷ್ಟು ತಪ್ಪು ಮಾಡಿದರೂ ಅವರ ದನಿ ಏರಿದ್ದು ನಾನು ಕೇಳಿಲ್ಲ. ಏರುತ್ತಿದ್ದದ್ದು ಅವರ ಕಾಲಿನ ಭಾರ ಮಾತ್ರ.

ನನಗೆ ಒಂದು ಹುಚ್ಚಿದೆ. ಯಾರೂ ಕಲಿಸಿದ್ದಲ್ಲ, ಫೋನಿನಲ್ಲೇ ಹತ್ತಿದ್ದು. ನಾನೆಂದೂ ನೋಡದ ದೇಶಗಳ ರಸ್ತೆಗಳನ್ನು ನಕಾಶೆಯಲ್ಲಿ ಹಿಡಿದು ಹೋಗುವುದು. ಎಲ್ಲಿ ಪೆಟ್ರೋಲ್ ಸಿಗುತ್ತದೆ, ಎಲ್ಲಿ ಹಡಗಿನಲ್ಲಿ ಕಾರು ದಾಟಿಸಬೇಕು, ಎಲ್ಲಾ ಗೊತ್ತು. ಒಂದು ದಿನ ನನ್ನ ನಂತರದ ಹುಡುಗ ತಡವಾಗಿ ಬರುವವನಿದ್ದ. ಕಾಲುವೆ ದಂಡೆಯ ಮೇಲೆ ಕಾರು ನಿಲ್ಲಿಸಿ ನಾನು ಸ್ಕಾಟ್ಲೆಂಡಿನ ವಿಡಿಯೋ ನೋಡುತ್ತಿದ್ದೆ. ಉಸ್ತಾದರು ಇಣುಕಿದರು. ಒಂದೇ ಒಂದು ಕಾರು ಹಿಡಿಸುವ ಸಣ್ಣ ರಸ್ತೆ, ಎರಡೂ ಕಡೆ ಮರವಿಲ್ಲದ ಬೆಟ್ಟ, ದೂರದ ನೀರಿನ ನಡುವೆ ಒಂದು ಕೋಟೆ.

"ಇದು ನಮ್ಮ ಕೃಷ್ಣಾ ಹೊಳಿಯಾಗಿನ ಜಲದುರ್ಗ ಅಲ್ಲೇನು?"

"ಅಲ್ರಿ, ಸ್ಕಾಟ್ಲೆಂಡು. ಅಲ್ಲಿ ಊರೂರಿಗೆ ಒಂದೊಂದು ಕೋಟಿ ಅದಾವ."

ಆಮೇಲೆ ಅವರು ನೋಡಿದ್ದು ಕೋಟೆಯನ್ನಲ್ಲ. "ತಡಿ ತಡಿ, ಇವ ಎಡಕ್ಕ ಹೊಂಟಾನಲ್ಲ! ಸ್ಟೇರಿಂಗೂ ಬಲಕ್ಕ ಐತಿ. ನಮ್ಮಂಗನ!" ಅಷ್ಟರಲ್ಲಿ ವಿಡಿಯೋದಲ್ಲಿ ಎದುರಿಗೊಂದು ಕಾರು ಬಂತು. ಆ ರಸ್ತೆಗಳಲ್ಲಿ ಅಲ್ಲಲ್ಲಿ ಬದಿಗೆ ಸರಿದು ನಿಲ್ಲಲು ಜಾಗ ಮಾಡಿರುತ್ತಾರೆ. ಎದುರಿನವನು ಸರಿದು ನಿಂತ, ಇವನು ಕೈ ಎತ್ತಿದ, ಅವನೂ ಕೈ ಎತ್ತಿದ, ಎರಡೂ ಕಾರು ಹೋದವು. ಉಸ್ತಾದರು ಫೋನು ಕೈಗೆ ತೆಗೆದುಕೊಂಡು ಅದನ್ನೇ ಮತ್ತೆ ಮತ್ತೆ ನೋಡಿದರು.

"ಹಾರ್ನ್ ಹೊಡಿಲಿಲ್ಲ. ಬೈಲಿಲ್ಲ. ಸಲಾಮ್ ಮಾಡಿ ಹೋದ್ರಲ್ಲ ಬೇಟಾ!"

ಫೋನು ನನ್ನ ಕೈಗೆ ಕೊಟ್ಟು ಹೇಳಿದರು: "ನಾ ಮೂವತ್ತು ವರ್ಷ ಎಡಗಡೆ ಕುಂತೀನಿ. ಮಂದಿ ನನ್ನ ಕರಕೊಂಡು ಹೋಗ್ಯಾರ, ನಾ ಎಲ್ಲಿಗೂ ಹೋಗಿಲ್ಲ. ಒಂದ ಸಲ ಇಂಥ ರೋಡಿನಾಗ ನಾನ ನಡಿಸ್ಕೊಂತ ಹೋಗ್ಬೇಕು."

ಜನ ಹೀಗೆಲ್ಲ ಸುಮ್ಮನೆ ಅನ್ನುತ್ತಾರೆ. ಅವರು ಮರುದಿನವೇ ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು ಅಂತ ಕೇಳಿದರು.

ಅಲ್ಲಿಂದ ಶುರುವಾಯಿತು. ಕ್ಲಾಸು ಮುಗಿದ ಮೇಲೆ ಫೋನನ್ನು ಸ್ಟೇರಿಂಗಿನ ಹಿಂದೆ ಸಿಕ್ಕಿಸಿ ನಾನು ರಸ್ತೆಯ ಫೋಟೋಗಳನ್ನು ಒಂದೊಂದೇ ಮುಂದಕ್ಕೆ ಸರಿಸುವುದು, ಅವರು ಎಡಗಡೆ ಕೂತು "ಮುಂದ ತಿರುವು ಐತಿ, ಎರಡನೇ ಗೇರಿಗೆ ಇಳಿಸು" ಅನ್ನುವುದು. ಎಡಿನ್‌ಬರೋದಿಂದ ಹೊರಟು ಗ್ಲೆನ್‌ಕೋ ಕಣಿವೆ, ಅಲ್ಲಿಂದ ನೀರಿನ ನಡುವಿನ ಆ ಕೋಟೆ, ಆಮೇಲೆ ಸೇತುವೆ ದಾಟಿ ಸ್ಕೈ ದ್ವೀಪ. ಅವರ ಹೆಂಡತಿಯೂ ಹೊರಡುವುದೆಂದು ಆಯಿತು. ಅವರನ್ನು ನಾವು ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತೇವೆ. ಖಾಲಾಗೆ ಮೊಣಕಾಲು ನೋವು.

"ಕೋಟಿ ಹೊರಗಿಂದ ನೋಡ್ತೀನಿ. ಒಳಗ ಹೋಗಿ ಮೆಟ್ಟಲು ಹತ್ತು ಅಂದ್ರ ನಾ ಒಲ್ಲೆ. ಮತ್ತ ಅಲ್ಲಿ ಜ್ವಾಳದ ರೊಟ್ಟಿ ಸಿಗ್ತಾವೇನು?" ಅಂತ ಕೇಳಿದರು.

"ಕಟಕ್ ರೊಟ್ಟಿ ಕಟ್ಕೋ. ಕೋಟಿ ಗ್ವಾಡಿಗಿಂತ ಗಟ್ಟಿ ಇರ್ತಾವ" ಅಂದರು ಉಸ್ತಾದರು.

ನನ್ನ ಕೆಲಸ ಇಲ್ಲಿಂದ ಫೋನಿನಲ್ಲಿ ದಾರಿ ಹೇಳುವುದು. ಮಿಲ್ಲಿನ ಕಂಪ್ಯೂಟರಿನಲ್ಲಿ ನಾನೇ ವೀಸಾ ಅರ್ಜಿ ತುಂಬಿದೆ, ಹೊರಡುವುದು ಹತ್ತನೇ ತಾರೀಖು ಅಂತ ಬರೆದೆ. ಗಂಡ ಹೆಂಡತಿ ಹೈದರಾಬಾದಿನ ವೀಸಾ ಆಫೀಸಿಗೆ ಹೋಗಿ ಬೆರಳಚ್ಚು ಒತ್ತಿ ಬಂದರು. ಇನ್ನು ಕಾಯುವುದಷ್ಟೇ ಇತ್ತು.

ಆಗ ಸಿಂಧನೂರು ನಡುವೆ ಬಂತು.

ಉಸ್ತಾದರ ಹಳೆಯ ಶಿಷ್ಯನೊಬ್ಬನಿದ್ದ. ನಗರಸಭೆ ಚುನಾವಣೆಗೆ ಟಿಕೆಟ್ ಬೇಕು ಅಂತ ಓಡಾಡುತ್ತಿದ್ದ ಮುಖಂಡ. ಅವನಿಗೆ ಇವತ್ತಿಗೂ ಕಾರು ರಿವರ್ಸ್ ತೆಗೆಯಲು ಬರುವುದಿಲ್ಲ. ಲೈಸೆನ್ಸ್ ಮಾಡಿಸುವ ಏಜೆಂಟರ ಬಾಯಿಂದ ಅವನಿಗೆ ಸುದ್ದಿ ಹೋಯಿತು. ಒಂದು ಬೆಳಿಗ್ಗೆ ನಾನು ಬಸ್ಸಿಳಿದು ನೋಡುತ್ತೇನೆ, ಸರ್ಕಲ್‌ನಲ್ಲಿ ಆಳೆತ್ತರದ ಫ್ಲೆಕ್ಸ್. ಮುಖಂಡ ಪೂರ್ತಿ ನಿಂತು ಕೈ ಮುಗಿದಿದ್ದಾನೆ. ಮೂಲೆಯಲ್ಲಿ ಉಸ್ತಾದರ ಪಾಸ್‌ಪೋರ್ಟ್ ಸೈಜಿನ ಫೋಟೋ. "ವಿದೇಶದಲ್ಲಿ ವಾಹನ ಚಾಲನಾ ತರಬೇತಿ ನೀಡಲು ತೆರಳುತ್ತಿರುವ ನಮ್ಮ ಹೆಮ್ಮೆಯ ಗುರುಗಳಿಗೆ ಹಾರ್ದಿಕ ಶುಭಾಶಯಗಳು."

ತರಬೇತಿ ನೀಡಲು! ಸುತ್ತಾಡಲು ಹೋಗುತ್ತಾರೆ ಅಂದರೆ ಊರಿಗೆ ಹೆಮ್ಮೆ ಆಗುವುದಿಲ್ಲ ನೋಡಿ.

ಸಂಜೆ ಸನ್ಮಾನ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಉಸ್ತಾದರು ಮುಖಂಡನ ಕಿವಿಯ ಹತ್ತಿರ ಹೋಗಿ, "ಇನ್ನಾ ವೀಸಾ ಬಂದಿಲ್ಲಪ್ಪ, ಈಗ ಬ್ಯಾಡ" ಅಂದಿದ್ದು ನನಗೂ ಕೇಳಿಸಿತು.

"ಬರ್ತೈತಿ ಬಿಡ್ರಿ ಉಸ್ತಾದ್! ನಿಮಗ ಇಲ್ಲ ಅಂತಾರೇನು?" ಅಂದವನೇ ಮೈಕ್ ಹಿಡಿದು, "ಬರೋ ತಿಂಗಳ ಹತ್ತನೇ ತಾರೀಖಿಗೆ ನಮ್ಮ ಗುರುಗಳು ವಿಮಾನ ಹತ್ತಾಕತ್ಯಾರ!" ಅಂತ ಕೂಗಿದ. ಚಪ್ಪಾಳೆ. ಹಾರದ ಕೆಳಗೆ ಉಸ್ತಾದರ ಬಲಗಾಲು ವೇದಿಕೆಯ ಹಲಗೆಯನ್ನು ಒತ್ತುತ್ತಲೇ ಇತ್ತು.

ಮರುವಾರದಿಂದ ಕಲಿಯುವವರು ಕಡಿಮೆಯಾದರು. "ಉಸ್ತಾದ್ ಫಾರಿನ್ನಿಗೆ ಹೊಂಟಾನಂತ, ನಡುವ ಬಿಟ್ಟು ಹೋದ್ರ ಯಾರನ್ನ ಕೇಳೂದು?" ಅಂತ ಒಬ್ಬೊಬ್ಬರಾಗಿ ಹೊಸ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡರು. ಅದಾದ ಸ್ವಲ್ಪ ದಿನಕ್ಕೆ ಪಾಸ್‌ಪೋರ್ಟುಗಳು ವಾಪಸ್ ಬಂದವು. ವೀಸಾ ಇಲ್ಲ. ಜೊತೆಗಿದ್ದ ಕಾಗದವನ್ನು ನಾನೇ ಓದಿ ಹೇಳಿದೆ. ನೀವು ತಿರುಗಿ ನಿಮ್ಮ ಊರಿಗೆ ಬರುತ್ತೀರಿ ಅನ್ನುವುದು ನಮಗೆ ಖಾತ್ರಿಯಾಗಿಲ್ಲ ಅಂತ ಇತ್ತು ಅದರಲ್ಲಿ.

"ಬರಲಾರದ ಎಲ್ಲಿಗೆ ಹೋಗ್ಲಿ?" ಅಂದರು ಉಸ್ತಾದರು. ಅಷ್ಟೇ.

"ಇದ್ದದ್ದು ಹೇಳಿಬಿಡ್ರಿ. ವೀಸಾ ಸಿಗಲಿಲ್ಲ ಅಂದ್ರ ಯಾರೇನು ಅಂತಾರ?" ಅಂದೆ ನಾನು.

"ಶಾಲು ಹೊದಿಸ್ಕೊಂಡೀನಲ್ಲ ಬೇಟಾ."

ಹೊರಗಿನವರಿಗೆ ಈ ಮಾತು ತಿಳಿಯುವುದು ಕಷ್ಟ. ನಮ್ಮಲ್ಲಿ ಶಾಲು ಹೊದಿಸಿಕೊಂಡವನು ಆ ಶಾಲಿಗೆ ತಕ್ಕಂತೆ ಬದುಕಬೇಕು. ಹೊದಿಸಿದವನಿಗೆ ಏನೂ ಇಲ್ಲ.

ಹತ್ತನೇ ತಾರೀಖು ಮುಖಂಡ ನಾಲ್ಕು ಹುಡುಗರನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದ. ಫೋಟೋ ಆಯಿತು. ಹಾರ ಹಾಕಿಕೊಂಡೇ ಗಂಡ ಹೆಂಡತಿ ರಾಯಚೂರಿನ ಬಸ್ ಹತ್ತಿದರು. ನಡುವೆ ಇಳಿದು, ಹಾರ ಚೀಲದಲ್ಲಿ ತುರುಕಿ, ಬೇರೆ ಬಸ್ ಹಿಡಿದು ಪಾಮನಕಲ್ಲೂರಿನಲ್ಲಿದ್ದ ಖಾಲಾನ ಅಕ್ಕನ ಮನೆ ಸೇರಿದರು. "ನಾ ಒಂದ ಮಾತೂ ಸುಳ್ಳು ಹೇಳಿಲ್ಲ. ಬಸ್ ಹತ್ತೀನಿ ಅಷ್ಟ" ಅಂದರು ಫೋನಿನಲ್ಲಿ. ಪ್ರವಾಸದ ದಿನಗಳು ಮುಗಿಯುವವರೆಗೂ ಅವರು ಆ ಮನೆಯ ಹಿಂದಿನ ಕೋಣೆಯಲ್ಲೇ ಇರುವುದೆಂದು ಮಾಡಿಕೊಂಡಿದ್ದರು.

ಮೊದಮೊದಲು ದಿನಾ ಮಧ್ಯಾಹ್ನ ಫೋನು ಬರುತ್ತಿತ್ತು. "ಬೇಟಾ, ಇವತ್ತು ನಾವು ಎಲ್ಲಿ ಅದೀವಿ?"

"ಗ್ಲೆನ್‌ಕೋ ರೀ."

"ಮಳಿ ಐತೇನು?"

ನಾನು ಹವಾಮಾನ ತೆಗೆದು ನೋಡುತ್ತಿದ್ದೆ. "ಐತ್ರಿ, ಸಣ್ಣಗ ಹಚ್ಚೇತಿ."

"ಹಂಗಾರ ನಿಧಾನ ಹೋಗ್ತೀನಿ." ಹಿಂದಿನಿಂದ ಆಡು ಒದರುವುದು ಕೇಳಿಸುತ್ತಿತ್ತು. "ಇದು ಸ್ಕಾಟ್ಲೆಂಡಿನ ಕುರಿ, ಅಂಜಬ್ಯಾಡ" ಅನ್ನುತ್ತಿದ್ದರು.

ಆಮೇಲೆ ಫೋನು ನಿಂತಿತು. ನಾನೇ ಮಾಡಿದರೆ ಖಾಲಾ ಎತ್ತಿ, "ಮಾತಾಡವಲ್ರು. ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾರ" ಅಂದರು. ಭಾನುವಾರ, ಅವರು ನನ್ನ ಹತ್ತಿರ ಬಿಟ್ಟು ಹೋಗಿದ್ದ ಕೀಯಿಂದ ಅವರ ಮನೆಯ ಮುಂದಿದ್ದ ಸ್ಕೂಲಿನ ಕಾರು ತೆಗೆದುಕೊಂಡು ಮಸ್ಕಿ ದಾಟಿ ಪಾಮನಕಲ್ಲೂರಿಗೆ ಹೋದೆ. ಊರಿಂದೂರಿಗೆ ನಾನೊಬ್ಬಳೇ ಕಾರು ನಡೆಸಿದ್ದು ಅದೇ ಮೊದಲು. ಕಾರಿನ ಸದ್ದಿಗೆ ಅವರು ಹೊರಗೆ ಬಂದರು. ಗಡ್ಡ ಬೆಳೆದಿತ್ತು. ಸುತ್ತ ನೋಡಿ, ಕೈ ಚಾಚಿದರು.

"ಕೀ ಕೊಡು."

"ಎಲ್ಲಿಗೆ ರೀ?"

"ಜಲದುರ್ಗಕ್ಕ. ನೀರಿನಾಗಿನ ಕೋಟಿ ಅದೂ ಹೌದಲ್ಲ?"

ಖಾಲಾ ಹಿಂದೆ ಕೂತರು. ನಾನು ಎಡಗಡೆ. ಉಸ್ತಾದರು ಬಿಸ್ಮಿಲ್ಲಾ ಅಂದು ಕನ್ನಡಿ ಸರಿಮಾಡಿಕೊಂಡು ಹೊರಟರು. ಕರಿ ಎರೆಮಣ್ಣಿನ ಹೊಲ, ತೊಗರಿ, ಮಸ್ಕಿಯ ಬಂಡೆಗುಡ್ಡ. ಲಿಂಗಸುಗೂರಿನ ದಾರಿಗೆ ಬಿದ್ದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಅವರು ಗೇರು ಬದಲಿಸಿದರು, ಕಾರಿನ ಸದ್ದು ಇಳಿದು ತಣ್ಣಗಾಯಿತು.

"ಇದು ಐದನೇ ಗೇರು. ದಿನಾ ಹುಡುಗರಿಗೆ ತೋರಿಸ್ತಿದ್ದೆ. ಊರಾಗ ಮೂರರ ಮ್ಯಾಲ ಯಾರಿಗೆ ಬೇಕು? ಹಾಕಿದ್ದು ಇವತ್ತ" ಅಂದರು.

ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್ ಬಂದಾಗ ಬದಿಗೆ ಸರಿದು ನಿಂತು ಕೈ ಎತ್ತಿದರು. ಟ್ರ್ಯಾಕ್ಟರಿನವನು, ಯಾರೋ ಗುರುತಿನವರಿರಬೇಕು ಅಂತ ತಿಳಿದು ಅವನೂ ಎತ್ತಿದ. ಉಸ್ತಾದರು ನನ್ನ ಕಡೆ ತಿರುಗಿ ನೋಡಿದ ಮುಖ ಇದೆಯಲ್ಲ, ಅದನ್ನು ನನಗೆ ಬರೆಯಲು ಬರುವುದಿಲ್ಲ. ನನ್ನ ಕಾಲ ಕೆಳಗೂ ಬ್ರೇಕಿತ್ತು. ಅದನ್ನು ನಾನು ಮುಟ್ಟಲೂ ಇಲ್ಲ.

ಲಿಂಗಸುಗೂರಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಒಬ್ಬ ಓಡಿ ಬಂದು ಕಾಲು ಮುಟ್ಟಿದ. ಹಳೆಯ ಶಿಷ್ಯ, ಈಗ ಸ್ವಂತ ಲಾರಿ ಇಟ್ಟವನು. "ಉಸ್ತಾದ್! ಫಾರಿನ್ನಿಂದ ಯಾವಾಗ ಬಂದ್ರಿ? ನಮಗ ಹೇಳಲೇ ಇಲ್ಲ!" ಅಂದ. ಪ್ರೀತಿಯಿಂದಲೇ ಅಂದದ್ದು. ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದು ತನ್ನ ಗ್ರೂಪಿಗೆ ಹಾಕಿದ. ಚಹಾ ಮುಗಿಯುವ ಮೊದಲೇ ಮುಖಂಡನ ಫೋನು ಬಂತು. ಅವನ ದನಿ ನನಗೂ ಕೇಳಿಸುವಷ್ಟು ಜೋರಿತ್ತು.

"ಎಲ್ಲಿ ಅದೀರಿ ಉಸ್ತಾದ್?"

"ಲಿಂಗಸುಗೂರಾಗ ಅದೀನಪ್ಪ."

"ವಿಮಾನ ಅಲ್ಲೇ ಇಳಿತೇನು? ಊರ ಮುಂದ ನನ್ನ ಮರ್ಯಾದಿ ಕಳದ್ರಲ್ರೀ! ಇಂಥವರಿಗೆ ಶಾಲು ಹೊದಿಸಿದೆ ನೋಡು!"

ಉಸ್ತಾದರು ಫೋನು ಜೇಬಿಗೆ ಹಾಕಿ ಕಾರಿನ ಹತ್ತಿರ ಹೋದರು. ನಾನು, "ಜಲದುರ್ಗ ಇಲ್ಲೇ ಐತಲ್ರಿ, ಹೋಗಿ ಬರೋಣ" ಅಂದೆ. ಅವರು ಕೀ ನನ್ನ ಕೈಯಲ್ಲಿಟ್ಟರು.

"ನೀನ ನಡಿಸು. ಊರಿಗೆ."

ಎಡಗಡೆ ಬಾಗಿಲು ತೆಗೆದು ಕೂತರು.

ಆಮೇಲೆ ಸಿಂಧನೂರು ಅವರನ್ನು ಬಿಡಲಿಲ್ಲ. "ಫಾರಿನ್ ಉಸ್ತಾದ್" ಅಂತ ಹೆಸರಿಟ್ಟರು. ಅವರ ಹತ್ತಿರವೇ ಕ್ಲಚ್ಚು ಬಿಡುವುದು ಕಲಿತ ಹುಡುಗರು ಕಾರಿನ ಕಿಟಕಿ ಇಳಿಸಿ, "ಉಸ್ತಾದ್, ಏರ್‌ಪೋರ್ಟ್ ಯಾ ಕಡೆ?" ಅಂತ ಕೇಳಿ ಹೋಗುತ್ತಿದ್ದರು. ಮುಖಂಡನಿಗೆ ಟಿಕೆಟ್ ಸಿಕ್ಕಿತು. ಉಸ್ತಾದರ ಸ್ಕೂಲು ಮುಚ್ಚಿತು, ಕಾರು ಮಾರಿದರು. ನಾನು ಹೋದಾಗ ದೇಶ, ರಸ್ತೆ, ಕೋಟೆ ಯಾವುದರ ಮಾತೂ ಇಲ್ಲ. ಒಮ್ಮೆ ಫೋನು ತೆಗೆದು ತೋರಿಸಲು ಹೋದೆ. "ಚಾರ್ಜ್ ಹೋಗ್ತೈತಿ, ಇಡು" ಅಂದರು.

ವರ್ಷ ತುಂಬುವುದರೊಳಗೆ, ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಎದೆ ನಿಂತಿತು ಅಂದರು ಡಾಕ್ಟರು. ಮಣ್ಣಿಗೆ ಅವರ ಶಿಷ್ಯರೆಲ್ಲ ಬಂದರು, ಬಂದದ್ದೂ ಕಾರಿನಲ್ಲೇ. ಓಣಿ ತುಂಬ ಕಾರು ಸಿಕ್ಕಿಕೊಂಡು ಅವರನ್ನು ಹೊತ್ತವರಿಗೇ ದಾರಿ ಇರಲಿಲ್ಲ. ಒಬ್ಬನೂ ಹಿಂದೆ ಸರಿಯಲಿಲ್ಲ, ಎಲ್ಲರೂ ಹಾರ್ನ್ ಹೊಡೆದರು. ಹೊತ್ತವರು ಕಾರುಗಳ ಸಂದಿಯಲ್ಲಿ ಓರೆಯಾಗಿ ನಡೆದು ಹೋದರು. ನಾನು ಒಂದು ಮನೆಯ ಕಟ್ಟೆಯ ಮೇಲೆ ನಿಂತು ನೋಡಿದೆ. ಅವತ್ತಿನಿಂದ ಈ ಊರಿನ ಸನ್ಮಾನಗಳಿಗೆ ನಾನು ಹೋಗುವುದಿಲ್ಲ.

ಸ್ಟೇರಿಂಗ್ ಹಿಡಿಯುವ ಧೈರ್ಯ ಅವರು ಕೊಟ್ಟದ್ದು. ತಪ್ಪು ಮಾಡಿದವರ ಮೇಲೆ ದನಿ ಏರಿಸದೆ ಇರುವುದನ್ನೂ ಅವರೇ ತೋರಿಸಿದ್ದು. ಮೊದಲನೆಯದು ನನಗೆ ಬಂತು. ಎರಡನೆಯದು ಇನ್ನೂ ಬಂದಿಲ್ಲ. ಈ ಊರಿನ ಮಟ್ಟಿಗೆ ಬರುವುದೂ ಬೇಡ ಅನಿಸುತ್ತದೆ.

ಮೊನ್ನೆ ಖಾಲಾನನ್ನು ನೋಡಲು ಹೋಗಿದ್ದೆ. ರೊಟ್ಟಿ ಕೊಟ್ಟರು, ಪುಂಡಿಪಲ್ಯ ಕೊಟ್ಟರು. ತಿಂದು ಮುಗಿಸಿದ ಮೇಲೆ ಕೇಳಿದರು.

"ನೀ ಹೋಗ್ತೀಯೇನು ಬೇಟಾ, ಆ ದೇಶಕ್ಕ?"

"ಹೋಗ್ತೀನ್ರಿ ಖಾಲಾ. ಯಾವಾಗಾರ ಒಂದಿನ ಹೋಗ್ತೀನಿ."

ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ನನ್ನ ಹತ್ತಿರ ಕೂತು, ಕೈ ಹಿಡಿದು, ಸಣ್ಣ ದನಿಯಲ್ಲಿ ಹೇಳಿದರು:

"ಹೋಗು. ಯಾರ ಮುಂದೂ ಹೇಳಬ್ಯಾಡ."