ತುಟಿ ನೋಡಿ ಹೇಳಿದ ಸಾಕ್ಷಿ

ಇಚಲಕರಂಜಿ ಊರಾಗಿನ ಶಹಾಪುರದ ಮಗ್ಗದ ಶೆಡ್ಡಿನಾಗ ಗದ್ದಲಕ್ಕ ಮಾತು ಕಿವಿಗೆ ಬೀಳೂದಿಲ್ಲ. ನೇಯುವವರು ಒಬ್ಬರ ತುಟಿ ಒಬ್ಬರು ನೋಡಿ ತಿಳಕೋತಾರ. "ಪಕ್ಕದ ಶೆಡ್ಡಿಗೆ ಬೆಂಕಿ ಹಚ್ಚು" ಅಂತ ಮಾಲಕ ತನ್ನ ಆಳಿಗೆ ಹೇಳಿದ್ದನ್ನ ನಮ್ಮವ್ವ ಹಂಗ ತಿಳಕೊಂಡಳು, ಆ ಶೆಡ್ಡು ಸುಟ್ಟ ಮ್ಯಾಲ ಇಚಲಕರಂಜಿ ಕೋರ್ಟಿನಾಗ ಸಾಕ್ಷಿ ಹೇಳಿದಳು.

ಮಾಲಕನ ವಕೀಲ ನಕ್ಕ. ಪರೀಕ್ಷಾ ಮಾಡ್ತೇನಂತ ದೂರ ಹೋಗಿ ನಿಂತು, ದನಿ ಇಲ್ಲದ ಮರಾಠಿಯೊಳಗ ತುಟಿ ಅಲುಗಾಡಿಸಿದ.

"‘ಈ ಮುದುಕಿ ಸುಳ್ಳು ಹೇಳಾಕತ್ತಾಳ’ ಅಂದ್ರಿ ನೀವು," ಅಂದಳು ಅವ್ವ. ಜಡ್ಜರು ಅದನ್ನೂ ಬರೆಸಿದರು.

ಮುಂದ ಮೇಲಿನ ಕೋರ್ಟು, ಕೇಸು ಮೊದಲಿಂದ ನಡೀಲಿ ಅಂತು. ಅಷ್ಟರಾಗ ಅವ್ವ ತೀರಿಕೊಂಡಿದ್ದಳು. ಸರಕಾರಿ ವಕೀಲರು ಆಕಿ ಹಳೇ ಸಾಕ್ಷಿ ಓದಾಕ ನಿಂತರ, ಅದ ವಕೀಲ ಜಿಗಿದೆದ್ದ: "ಸತ್ತಾಕೀನ ನಾ ಹ್ಯಾಂಗ ಪಾಟೀಸವಾಲು ಮಾಡಲಿ, ಸಾಹೇಬ್ರ?"

"ಆಕಿ ಇದ್ದಾಗ ನೀವ ಮಾಡೀರಲ್ಲ," ಅಂದರು ಹೊಸ ಜಡ್ಜರು. "ಅದಕ್ಕ ಈ ಸಾಕ್ಷಿ ನಡೀತದ." ಅವನ ಪರೀಕ್ಷಾ, ಅವ್ವನ ಉತ್ತರ, ಎರಡೂ ಓದಿಸಿದರು. ಕೋರ್ಟು ತುಂಬ ನಗಿ. ಮಾಲಕಗ ಶಿಕ್ಷಾ ಆತು.

ಹೊರಗ ಆ ವಕೀಲ ನನ್ನ ಮುಂದ ಹಾದು ಹೋಗೂವಾಗ ಬಾಯಿಗೆ ಕರವಸ್ತ್ರ ಅಡ್ಡ ಹಿಡದಿದ್ದ. ನಾನೂ ಮಗ್ಗದ ಶೆಡ್ಡಿನಾಗ ದುಡಿಯಾಕಿ ಅಂತ ಅವಗ ಯಾರೋ ಹೇಳಿರಬೇಕು.